ಬೊಂಬೆಯೆಂದು ಕರೆದ ಶಿಲ್ಪ

ಬೆಂಗಳೂರಿನ ಮ್ಯೂಸಿಯಂ ರಸ್ತೆಯಲ್ಲಿ ಮ್ಯೂಸಿಯಂ ಇಲ್ಲ. ಶಿವಾಜಿನಗರದಿಂದ ಹೊರಟು ಮಹಾತ್ಮ ಗಾಂಧಿ ರಸ್ತೆ ದಾಟಿ, ಚರ್ಚ್ ಸ್ಟ್ರೀಟ್ ಹಾಯ್ದು ಆ ರಸ್ತೆಗೆ ಹೋದವರಿಗೆ ಶಾಲೆ, ಸಭಾಂಗಣ, ಅಂಚೆ ಕಚೇರಿ ಸಿಗುತ್ತವೆ, ಮ್ಯೂಸಿಯಂ ಸಿಗುವುದಿಲ್ಲ. ಹೆಸರು ಮಾತ್ರ ನೂರೈವತ್ತು ವರ್ಷಗಳಿಂದ ಅಲ್ಲೇ ನಿಂತಿದೆ. 1865ರ ಆಗಸ್ಟ್ ತಿಂಗಳಲ್ಲಿ ಮೈಸೂರು ಸರ್ಕಾರದ ವಸ್ತುಸಂಗ್ರಹಾಲಯ ಆರಂಭವಾದದ್ದು ಇಲ್ಲಿ, ದಂಡುಪ್ರದೇಶದ ಹಳೆಯ ಜೈಲಿನ ಕಟ್ಟಡದಲ್ಲಿ. ಕೈದಿಗಳು ಇದ್ದ ಕೋಣೆಗಳಲ್ಲಿ ಕಲ್ಲು, ನಾಣ್ಯ, ಪ್ರಾಣಿಪಕ್ಷಿ, ಖನಿಜಗಳು ಬಂದು ಕುಳಿತವು. ಜನ ಅದನ್ನು 'ತಮಾಷೆ ಬಂಗಲೆ' ಎಂದು ಕರೆಯುತ್ತಿದ್ದರಂತೆ. ನಮ್ಮ ಜನ ಹೆಸರಿಡುವುದರಲ್ಲಿ ಎಂದೂ ಹಿಂದೆ ಬಿದ್ದವರಲ್ಲ. ಹತ್ತು ಹನ್ನೆರಡು ವರ್ಷಗಳ ನಂತರ ಸಂಗ್ರಹವೆಲ್ಲ ಕಬ್ಬನ್ ಪಾರ್ಕಿನ ಅಂಚಿಗೆ, ಸ್ಯಾಂಕಿ ವಿನ್ಯಾಸದ ಈಗಿನ ಕೆಂಪು ಕಟ್ಟಡಕ್ಕೆ ಹೋಯಿತು.

ಈ ಸಂಗ್ರಹಾಲಯದ ಹಿಂದೆ ಇದ್ದವನು ಎಡ್ವರ್ಡ್ ಬಾಲ್ಫರ್ ಎಂಬ ಸೇನೆಯ ವೈದ್ಯ. ಮದರಾಸಿನ ಸರ್ಕಾರಿ ಮ್ಯೂಸಿಯಂ ಅನ್ನು 1851ರಲ್ಲಿ ಕಟ್ಟಿದವನೂ ಅವನೇ. ಪಾರ್ಸಿ, ಹಿಂದೂಸ್ತಾನಿ ಬಲ್ಲವನು; ಮದರಾಸಿನಲ್ಲಿ ಮುಸಲ್ಮಾನರಿಗಾಗಿ ಒಂದು ಸಾರ್ವಜನಿಕ ಗ್ರಂಥಾಲಯ ನಿಲ್ಲಲು ಕಾರಣನಾದವನು. ಅವನ ಇನ್ನೊಂದು ಹುಚ್ಚು ಮರ. ಹಿಂದೂಸ್ಥಾನದ ಮತ್ತು ಪೂರ್ವ ಏಷ್ಯಾದ ಮರಮುಟ್ಟುಗಳ ಬಗ್ಗೆ, ಯಾವ ಮರ ಯಾವುದಕ್ಕೆ ಒದಗುತ್ತದೆ ಎಂಬುದರ ಬಗ್ಗೆ ದಪ್ಪ ಪುಸ್ತಕವೊಂದನ್ನೇ ಬರೆದ. ಇಂಥವನು ಹಾಕಿದ ಬುನಾದಿಯ ಮೇಲೆ ಬೆಳೆದ ಸಂಗ್ರಹಾಲಯ ಕೊನೆಗೆ ಹೆಸರು ಮಾಡಿದ್ದು ಮಾತ್ರ ಕಲ್ಲಿನಿಂದ. ಅಲ್ಲಿನ ಹೆಮ್ಮೆಯ ವಸ್ತುಗಳಲ್ಲಿ ಕ್ರಿ.ಶ. 949ರ ಆತಕೂರು ವೀರಗಲ್ಲು ಒಂದು. ಕಾಡುಹಂದಿಯೊಡನೆ ಹೋರಾಡಿ ಸತ್ತ ಒಂದು ಬೇಟೆನಾಯಿಯ ನೆನಪು ಅದರಲ್ಲಿದೆ. ನಾಯಿಯ ಹೆಸರು ಕಾಳಿ. ಸಾವಿರ ವರ್ಷ ದಾಟಿದರೂ ನಮಗೆ ಆ ಹೆಸರು ಗೊತ್ತು, ಏಕೆಂದರೆ ಯಾರೋ ಅದನ್ನು ಕಲ್ಲಿನಲ್ಲಿ ಕೊರೆದರು.

ಮರದ ಹಣೆಬರಹ ಬೇರೆ. ಗೆದ್ದಲು, ಮಳೆ, ಬೆಂಕಿ ಮೂರೂ ಅದರ ಶತ್ರುಗಳು. ಹಾಗಾಗಿ ನಮ್ಮ ನಾಡಿನ ಶಿಲ್ಪದ ಚರಿತ್ರೆ ಎಂದರೆ ಬಾದಾಮಿ, ಬೇಲೂರು, ಹಂಪಿ ಎಂಬ ಕಲ್ಲಿನ ಚರಿತ್ರೆಯಾಗಿ ಉಳಿದಿದೆ. ಬಣ್ಣದ ಮರಕ್ಕಂತೂ ಇನ್ನೊಂದು ತೊಡಕು. ಬಣ್ಣ ಹಚ್ಚಿದ ಮರ ಕಂಡರೆ ಪಂಡಿತರಿಗೆ ಅದು ಆಟಿಕೆಯಂತೆ, ಜಾತ್ರೆಯ ಸರಕಿನಂತೆ ಕಾಣುತ್ತದೆ. ಈ ಕಣ್ಣು ಎಲ್ಲಿಂದ ಬಂತು, ಅದರಿಂದ ನಷ್ಟವಾದದ್ದು ಯಾರಿಗೆ ಎಂದು ವಿಚಾರಿಸುವ ಆಸೆಯಿಂದ ನಾವು ಈ ಲೇಖನಕ್ಕೆ ಕೈಹಾಕಿದ್ದೇವೆ.

ದಂಡುಪ್ರದೇಶ ಹುಟ್ಟಿದ ಕತೆಯಿಂದಲೇ ಶುರುಮಾಡಬಹುದು. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ಕೋಟೆಯೊಳಗೆ ಹೋರಾಡುತ್ತ ಮಡಿದ. ಗೆದ್ದ ಇಂಗ್ಲಿಷ್ ಸೈನ್ಯ ಅಲ್ಲೇ ಬೀಡುಬಿಟ್ಟಿತಾದರೂ ಕಾವೇರಿ ದ್ವೀಪದ ಚಳಿಜ್ವರ ಸಿಪಾಯಿಗಳನ್ನು ಬಿಡಲಿಲ್ಲ. ಎತ್ತರದ, ತಂಪಾದ ಜಾಗ ಹುಡುಕುತ್ತ ಬಂದವರಿಗೆ ಹಲಸೂರಿನ ಕೆರೆಯ ಬದಿ ಹಿಡಿಸಿತು. 1809ರಲ್ಲಿ ಬೆಂಗಳೂರು ದಂಡು ಸ್ಥಾಪನೆಯಾಯಿತು. ಕೆರೆ, ಪೆರೇಡ್ ಮೈದಾನ, ಸಾಲು ಬಂಗಲೆಗಳು, ದಂಡಿಗೆ ಮಾಂಸ, ಬಟ್ಟೆ, ತೊಗಲು, ಮರಗೆಲಸ ಒದಗಿಸುವವರ ಕೇರಿಯಾದ ಬ್ಲಾಕ್‌ಪಲ್ಲಿ, ಎಂದರೆ ಇಂದಿನ ಶಿವಾಜಿನಗರ, ಎಲ್ಲವೂ ಅದರ ಬೆನ್ನಿಗೆ ಬಂದವು. ತಮಿಳರು, ದಖನಿ ಮಾತಾಡುವ ಮುಸಲ್ಮಾನರು, ಕಚ್ಛಿನ ವ್ಯಾಪಾರಿಗಳು ಎಲ್ಲರಿಗೂ ಇಲ್ಲಿ ಕೂಳಿತ್ತು.

ಶ್ರೀರಂಗಪಟ್ಟಣದಿಂದ ಸೈನ್ಯ ಹಲಸೂರಿಗೆ ಬಂದ ಹೊತ್ತಿನಲ್ಲೇ, ಅಲ್ಲಿನ ಇನ್ನೊಂದು ವಸ್ತು ಲಂಡನ್ನಿಗೆ ಹೋಗಿ ಕುಳಿತಿತ್ತು. ಅದು ಟಿಪ್ಪುವಿನ ಹುಲಿ. ಬಣ್ಣ ಬಳಿದ ಮರದ ಶಿಲ್ಪ. ಉದ್ದ 178 ಸೆಂಟಿಮೀಟರ್, ಎತ್ತರ 71. ಬೆನ್ನಡಿಯಾಗಿ ಬಿದ್ದ ಯುರೋಪಿಯನ್ನನ ಮೇಲೆ ಪಟ್ಟೆಹುಲಿ ಎರಗಿ ಕೊರಳಿಗೆ ಬಾಯಿ ಹಾಕಿದೆ. ಪಕ್ಕದ ಹಿಡಿಕೆ ತಿರುಗಿಸಿದರೆ ಒಳಗಿನ ತಿದಿಗಳು ಉಸಿರು ಬಿಟ್ಟು ಹುಲಿ ಗುರುಗುಟ್ಟುತ್ತದೆ, ಮನುಷ್ಯ ನರಳುತ್ತ ಕೈ ಎತ್ತುತ್ತಾನೆ. ಹುಲಿಯ ಮೈಯ ಬದಿಯ ಬಾಗಿಲು ತೆರೆದರೆ ಒಳಗೆ ಒಂದು ಪುಟ್ಟ ಆರ್ಗನ್ ವಾದ್ಯ. ಅರಮನೆಯ ಸಂಗೀತದ ಕೋಣೆಯಲ್ಲಿ ಸಿಕ್ಕ ಇದನ್ನು ಇಂಗ್ಲೆಂಡಿಗೆ ಸಾಗಿಸಿ, 1808ರಿಂದ ಕಂಪನಿಯ ಲೆಡನ್‌ಹಾಲ್ ಬೀದಿಯ ಕಚೇರಿಯಲ್ಲಿ ಜನರಿಗೆ ತೋರಿಸಿದರು. ನೋಡಲು ಬಂದವರು ಹಿಡಿಕೆ ತಿರುಗಿಸಿ ತಿರುಗಿಸಿ, ಪಕ್ಕದಲ್ಲಿ ಓದುತ್ತ ಕೂತ ಪಂಡಿತರಿಗೆ ತಲೆ ಚಿಟ್ಟುಹಿಡಿಸುತ್ತಿದ್ದರೆಂಬ ದೂರು ದಾಖಲಾಗಿದೆ. ಕವಿ ಕೀಟ್ಸ್ ಕೂಡ ತನ್ನದೊಂದು ಪದ್ಯದಲ್ಲಿ ಇದನ್ನು ನೆನೆದಿದ್ದಾನೆ. 1880ರ ಹೊತ್ತಿಗೆ ಹುಲಿ ದಕ್ಷಿಣ ಕೆನ್ಸಿಂಗ್‌ಟನ್ನಿಗೆ, ಈಗಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂಗೆ ಹೋಯಿತು. ಎರಡನೆಯ ಮಹಾಯುದ್ಧದಲ್ಲಿ ಬಾಂಬಿನ ಏಟಿಗೆ ಸಿಕ್ಕಿ ಜಖಂಗೊಂಡು, ಮತ್ತೆ ದುರಸ್ತಿಯಾಗಿ ಇಂದಿಗೂ ಅಲ್ಲಿದೆ.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಹುಲಿಯ ವಿಷಯ ಬಂದಾಗಲೆಲ್ಲ ನಮ್ಮಲ್ಲಿ ಚರ್ಚೆ ಟಿಪ್ಪುವಿನ ಸುತ್ತ ತಿರುಗುತ್ತದೆ. ಅವನು ದೇಶಭಕ್ತನೋ ಮತಾಂಧನೋ ಎಂಬ ಜಗಳದಲ್ಲಿ, ಆ ಮರವನ್ನು ಕೆತ್ತಿದವರಾರು ಎಂದು ಕೇಳುವವರು ವಿರಳ. ಮರದ ಮೈ ಒಂದು ಚಿಪ್ಪಿನಂತೆ, ಹೆಚ್ಚಿನ ಕಡೆ ಅರ್ಧ ಅಂಗುಲದಷ್ಟು ದಪ್ಪ. ಆ ಕೆಲಸದಲ್ಲಿ ದಕ್ಷಿಣ ಭಾರತದ ದೇವಾಲಯಗಳ ಮರಗೆಲಸದ ಜಾಡಿದೆ ಎನ್ನುವುದು ತಿಳಿದವರ ಅಭಿಪ್ರಾಯ. ತೇರು, ವಾಹನ, ಉತ್ಸವಮೂರ್ತಿಗಳನ್ನು ಕೆತ್ತುವ ಕೈಗಳು ಸುಲ್ತಾನನಿಗಾಗಿ ಹುಲಿ ಕೆತ್ತಿವೆ. ಒಳಗಿನ ಯಂತ್ರಕ್ಕೆ ಫ್ರೆಂಚರ ನೆರವು ಇದ್ದಿರಬಹುದು ಎಂದೂ ಹೇಳುತ್ತಾರೆ. ಒಂದೇ ಮರದ ಹೊಟ್ಟೆಯಲ್ಲಿ ಮೂರು ಲೋಕ. ಇದನ್ನು ಮಾಡಿದವರು ಮೈಸೂರು ಸೀಮೆಯ ಬಡಗಿಗಳು. ಮ್ಯೂಸಿಯಂನ ಚೀಟಿಯಲ್ಲಿ ಯಜಮಾನನ ಹೆಸರಿದೆ.

ಹಲಸೂರೆಂಬ ಹೆಸರು ಹಲಸಿನ ತೋಪಿನಿಂದ ಬಂದದ್ದೆನ್ನುತ್ತಾರೆ. ಹಲಸಿನ ಮರ ಕರಾವಳಿಯಲ್ಲಿ ದೈವಗಳ ಮೈಯಾಗುತ್ತದೆ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನಲ್ಲಿ ನೂರಾರು ಬಣ್ಣದ ಮರದ ಮೂರ್ತಿಗಳಿವೆ. ಆಳೆತ್ತರದವು, ಅದಕ್ಕಿಂತ ದೊಡ್ಡವು, ಕೆಂಪೇ ಕೆಂಪು. ಮರ ಜೀರ್ಣವಾದಾಗ ಹಳೆಯದನ್ನು ಬಿಟ್ಟು ಹೊಸದನ್ನು ಕೆತ್ತಿಸಿ ನಿಲ್ಲಿಸುವುದು ಅಲ್ಲಿನ ರೂಢಿ. ಹಾಗೆ ಕಳಚಿದ ಹಳೆಯ ಮೂರ್ತಿಗಳಲ್ಲಿ ಹಲವು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯ ಸೇರಿವೆ. ಗಮನಿಸಬೇಕಾದ್ದೇನೆಂದರೆ, ಅವು ಹೋಗಿ ಸೇರಿದ ಮನೆಯ ಹೆಸರಿನಲ್ಲಿ 'ಶಿಲ್ಪ' ಎಂಬ ಮಾತಿಲ್ಲ, 'ಕರಕುಶಲ' ಎಂಬ ಮಾತಿದೆ. ಅಲ್ಲಿಂದ ಆಧುನಿಕ ಕಲೆಯ ರಾಷ್ಟ್ರೀಯ ಗ್ಯಾಲರಿಗೆ ನಡೆದೇ ಹೋಗಬಹುದು. ಆದರೆ ನಡುವೆ ಇರುವ ಗೋಡೆ ದೊಡ್ಡದು.

ಇನ್ನು ಚನ್ನಪಟ್ಟಣ. ಬೆಂಗಳೂರಿನಿಂದ 60 ಕಿಲೋಮೀಟರ್ ದೂರ, ಮೈಸೂರು ದಾರಿ. ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಈ ದಾರಿಯಲ್ಲಿ ಹಾದು ಹೋದ. ಊರಿನ ಗಾಜಿನ ಬಳೆ, ತಂತಿವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ, ಬಿಳಿಯ ಸಕ್ಕರೆ ಇವನ್ನು ಅವನು ಬಣ್ಣಿಸಿದ್ದಾನೆ. ಎಂದರೆ ಆಗಲೇ ಅದು ಕಸುಬುದಾರರ ಊರು. ಅರಗಿನ ಬಣ್ಣದ ಮರಗೆಲಸವನ್ನು ಕಲಿಸಲು ಟಿಪ್ಪು ಪರ್ಷಿಯಾದಿಂದ ಕುಶಲಿಗಳನ್ನು ಕರೆಸಿದ ಎಂಬುದು ಚನ್ನಪಟ್ಟಣದವರೆಲ್ಲ ಹೇಳುವ ಮಾತು. ಪ್ರತೀತಿಯನ್ನು ಪ್ರತೀತಿಯೆಂದೇ ತೆಗೆದುಕೊಳ್ಳೋಣ. ಅದರ ಹಿಂದೆ ಭಾಷೆಯ ಸಾಕ್ಷ್ಯವೊಂದಂತೂ ಇದೆ. ಮರ ಕಡೆಯುವ ಯಂತ್ರಕ್ಕೆ ಉರ್ದುವಿನಲ್ಲಿ ಖರಾದ್ ಎನ್ನುತ್ತಾರೆ, ಕಡೆಯುವವನು ಖರಾದಿ. ಪಾರ್ಸಿ, ಅರಬಿಯಲ್ಲಿ ಇದರ ಬಂಧುಪದ ಖರ್ರಾತ್. ಕೈರೋ ನಗರದ ಹಳೆಯ ಮನೆಗಳ ಕಿಟಕಿಗಳಿಗೆ ಕಡೆದ ಮರದ ಸಣ್ಣ ಸಣ್ಣ ಗುಂಡುಗಳನ್ನು ಜೋಡಿಸಿ ಮಶ್ರಬಿಯ್ಯಾ ಎಂಬ ಜಾಲರಿ ಮಾಡುವವರೂ ಖರ್ರಾತರೇ. ಸೆಕೆಗೆ ಮರ ಹಿಗ್ಗಿ ಕುಗ್ಗುವುದರಿಂದ ಅದಕ್ಕೆ ಮೊಳೆ ಹೊಡೆಯದೆ, ಒಂದರೊಳಗೊಂದು ಸಿಕ್ಕಿಸುತ್ತ ಹೋಗುತ್ತಾರೆ. ಗಾಳಿ ಬರುತ್ತದೆ, ಬಿಸಿಲು ಸೋಸಿ ಬರುತ್ತದೆ, ಒಳಗಿನವರು ಹೊರಗೆ ನೋಡಬಹುದು.

ಚನ್ನಪಟ್ಟಣದ ಕೆಲಸ ನೋಡಿದವರಿಗೆ ಅದರ ಸೊಗಸು ಗೊತ್ತು. ಹಾಲೆ ಮರ, ಊರವರ ಬಾಯಲ್ಲಿ ಆಲೆ ಮರ, ಆನೆದಂತದ ಬಿಳುಪಿನದು, ನಯವಾದ ಎಳೆಯದು. ಕಡಿದು ತಂದು ನೆರಳಲ್ಲಿ ಒಣಗಿಸಿ, ತುಂಡು ಮಾಡಿ ಯಂತ್ರಕ್ಕೆ ಏರಿಸುತ್ತಾರೆ. ಹಿಂದೆ ಕೈಯಿಂದ ತಿರುಗಿಸುತ್ತಿದ್ದರು, ಈಗ ವಿದ್ಯುತ್ತಿನ ಲೇತ್. ಉಳಿ ಹಿಡಿದ ಕೈ ಅಲುಗುವುದೇ ಕಾಣುವುದಿಲ್ಲ. ಮರ ಮಾತ್ರ ಚೆಂಡಾಗುತ್ತದೆ, ಬುಗುರಿಯಾಗುತ್ತದೆ, ಸೊಂಟ ಸಣ್ಣದಾದ ಕಂಬವಾಗುತ್ತದೆ. ಆಮೇಲೆ ಬಣ್ಣ. ಇಲ್ಲಿ ಕುಂಚವಿಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರದ ಮೈಗೆ ಹತ್ತುತ್ತದೆ. ಕೊನೆಗೆ ಕೇದಗೆ ಜಾತಿಯ ಒಣಗರಿಯನ್ನು ಒತ್ತಿ ಹಿಡಿದರೆ ಬಣ್ಣ ಒಂದೇ ಸಮನೆ ಹರಡಿ ಕನ್ನಡಿಯಂತೆ ಹೊಳೆಯುತ್ತದೆ. ಇದನ್ನು ಬಣ್ಣ ಬಳಿಯುವುದು ಎನ್ನುವುದಕ್ಕಿಂತ ಬಣ್ಣ ಬೇಯಿಸುವುದು ಎನ್ನಬೇಕು. ಅರಿಶಿನದ ಹಳದಿ, ನೀಲಿ, ಕುಂಕುಮದ ಕೆಂಪು ಹೀಗೆ ಗಿಡಮೂಲದ ಬಣ್ಣಗಳೂ ಬಳಕೆಯಲ್ಲಿವೆ. ಮಗು ಬಾಯಿಗೆ ಹಾಕಿಕೊಂಡರೂ ಭಯವಿಲ್ಲ ಎಂಬುದು ಇವರ ಹೆಮ್ಮೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾನ್ ಎಂಬ ಕುಶಲಿ ಜಪಾನಿನ ಬೊಂಬೆ ತಯಾರಿಕೆಯ ವಿಧಾನಗಳನ್ನು ಇಲ್ಲಿಗೆ ತಂದರೆಂದು ಹೇಳುತ್ತಾರೆ. ಚನ್ನಪಟ್ಟಣದ ಬೊಂಬೆಯ ಜನಕನೆಂದು ಕೇಳಿಬರುವ ಹೆಸರು ಇವರದೇ. ಮೊದಲಿಂದ ಮುಸಲ್ಮಾನರ ಮನೆಗಳಲ್ಲಿ ಹೆಚ್ಚಾಗಿದ್ದ ಈ ಕಸುಬು ಮುಂದೆ ಬೇರೆ ಜಾತಿಗಳಿಗೂ ಹರಡಿತು. ಇಂದು ಹೆಣ್ಣುಮಕ್ಕಳು ಯಂತ್ರದ ಮುಂದೆ ಕೂತಿದ್ದಾರೆ. ಅವರು ದಸರೆಯ ಬೊಂಬೆಗಳನ್ನೂ ಮಾಡುತ್ತಾರೆ, ಮದುವಣಗಿತ್ತಿಯ ಬಳೆಯ ಕಂಬಗಳನ್ನೂ ಮಾಡುತ್ತಾರೆ, ಯಾರ ಮನೆಗೆ ಹೋಗುತ್ತದೆಂದು ಮರಕ್ಕೆ ತಿಳಿಯುವುದಿಲ್ಲ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಮುಸಲ್ಮಾನರಿಗೂ ಶಿಲ್ಪಕ್ಕೂ ಏನು ಸಂಬಂಧ ಎಂದು ಕೇಳುವವರು ಎರಡೂ ಕಡೆ ಇದ್ದಾರೆ. ಸಂಬಂಧವಿಲ್ಲ ಎಂದು ಹೀಗಳೆಯುವವರು ಒಂದು ಕಡೆ, ಸಂಬಂಧ ಇರಬಾರದು ಎಂದು ಹುಬ್ಬುಗಂಟಿಕ್ಕುವವರು ಇನ್ನೊಂದು ಕಡೆ. ಇಬ್ಬರೂ ಖರಾದಿಯ ಅಂಗಡಿಗೆ ಹೋದವರಲ್ಲ. ಪೂಜಿಸುವ ಮೂರ್ತಿಯಿಂದ ದೂರ ಉಳಿದ ಸಮಾಜಗಳು ಆಕಾರದಿಂದ ದೂರ ಉಳಿಯಲಿಲ್ಲ. ಗೋಳ, ಸುರುಳಿ, ನಕ್ಷತ್ರ, ಜಾಲರಿಗಳಲ್ಲಿ ಅವರ ಕಲ್ಪನೆ ಹರಿದಿದೆ. ಟಿಪ್ಪುವಿನ ಹುಲಿಯಿರುವ ಅದೇ ಲಂಡನ್ ಮ್ಯೂಸಿಯಂನಲ್ಲಿ ಹದಿನೈದನೆಯ ಶತಮಾನದ ಈಜಿಪ್ಟಿನ ಸುಲ್ತಾನ್ ಕಾಯಿತ್‌ಬೇ ಕಾಲದ ಮರದ ಮಿಂಬರ್ ಇದೆ. ಮಸೀದಿಯಲ್ಲಿ ಖುತ್ಬಾ ಓದುವ ಆ ಪೀಠದ ಪಕ್ಕೆಗಳಲ್ಲಿ ಮರ, ದಂತ ಸೇರಿ ನಕ್ಷತ್ರಗಳು ಒಂದರಿಂದೊಂದು ಹುಟ್ಟುತ್ತ ಹೋಗುತ್ತವೆ. ಯುರೋಪಿನವರು ಅಮೂರ್ತ ಕಲೆ ಎಂಬ ಹೆಸರು ಕಂಡುಹಿಡಿದದ್ದು ಅದಾಗಿ ನಾನೂರಕ್ಕೂ ಹೆಚ್ಚು ವರ್ಷಗಳಾದ ಮೇಲೆ. ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸದಲ್ಲಿಯೂ ಮುಸಲ್ಮಾನ ಕುಶಲಿಗಳ ಪಾಲು ದೊಡ್ಡದು. ಅಲ್ಲಿ ಬಣ್ಣವನ್ನೇ ಬಳಸದೆ, ಬೇರೆ ಬೇರೆ ಮರಗಳ ಸಹಜ ಬಣ್ಣಗಳನ್ನು ಕೂಡಿಸಿ ಚಿತ್ರ ಮಾಡುತ್ತಾರೆ. ಅಂಬಾವಿಲಾಸ ಅರಮನೆಯ ದಂತ ಕೂರಿಸಿದ ಬೀಟೆಯ ಬಾಗಿಲುಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಈಗ ಸ್ವಲ್ಪ ದೂರ ಹೋಗೋಣ, ಅಮೆರಿಕದ ಡಲ್ಲಾಸ್ ನಗರಕ್ಕೆ. ಅಲ್ಲಿನ ನ್ಯಾಶರ್ ಶಿಲ್ಪ ಕೇಂದ್ರ ಶಿಲ್ಪಕ್ಕೆಂದೇ ಮೀಸಲಾದ ಮ್ಯೂಸಿಯಂ. 2016ರಲ್ಲಿ ಅಲ್ಲಿ ಜೋಯೆಲ್ ಶಪಿರೋ ಎಂಬ ಶಿಲ್ಪಿಯ ಪ್ರದರ್ಶನ ನಡೆಯಿತು. ಮರದ ಹಲಗೆಗಳು, ಪೆಟ್ಟಿಗೆಯಂಥ ತುಂಡುಗಳು. ನೀಲಿ, ಕೆಂಪು, ಹಳದಿ ಬಣ್ಣಗಳು ಹೊಳೆಯುತ್ತಿವೆ. ಅವು ಪೀಠದ ಮೇಲಿಲ್ಲ. ಚಾವಣಿಗೆ, ಗೋಡೆಗೆ, ನೆಲಕ್ಕೆ ಬಿಗಿದ ಹುರಿಗಳಲ್ಲಿ ಗಾಳಿಯಲ್ಲಿ ನಿಂತಿವೆ. ನೋಡುವವರು ಅವುಗಳ ನಡುವೆ ನಡೆದಾಡಬೇಕು. ಅದು ಮನುಷ್ಯನೂ ಅಲ್ಲ, ಮೃಗವೂ ಅಲ್ಲ. ಬಣ್ಣ, ತೂಕ, ನಡುವಿನ ಬಯಲು ಇಷ್ಟೇ. ಮಕ್ಕಳು ಆಟದ ತುಂಡುಗಳನ್ನು ಆಕಾಶಕ್ಕೆ ಎಸೆದು, ಅವು ಕೆಳಗೆ ಬೀಳುವುದನ್ನು ಮರೆತ ಹಾಗೆ. ಪ್ರದರ್ಶನ ಹೆಸರು ಮಾಡಿತು.

ಈ ಶಪಿರೋ 1941ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವರು, 2025ರ ಜೂನಿನಲ್ಲಿ ತೀರಿಕೊಂಡರು. ನಮಗೆ ಅವರಲ್ಲಿ ಆಸಕ್ತಿ ಹುಟ್ಟಲು ಕಾರಣ ಬೇರೆ. ಇಪ್ಪತ್ತನಾಲ್ಕರ ಹರೆಯದಲ್ಲಿ, 1965ರಿಂದ 1967ರವರೆಗೆ, ಅವರು ಅಮೆರಿಕದ ಪೀಸ್ ಕೋರ್ ಸ್ವಯಂಸೇವಕರಾಗಿ ನಮ್ಮ ನೆರೆಯ ಆಂಧ್ರದಲ್ಲಿದ್ದರು. ದೇಶ ಸುತ್ತಿ ಶಿಲ್ಪಗಳನ್ನು ನೋಡಿದರು. ಕಲೆ ಇಲ್ಲಿ ಜನರ ಬದುಕಿನೊಳಗೆ ಬೆರೆತಿರುವುದನ್ನು ಕಂಡದ್ದೇ ತಾನು ಕಲಾವಿದನಾಗಲು ಧೈರ್ಯ ಕೊಟ್ಟಿತೆಂಬ ಅರ್ಥದ ಮಾತನ್ನು ಮುಂದೆ ಹೇಳಿದ್ದಾರೆ. ಆಂಧ್ರದಲ್ಲಿಯೂ ಬಣ್ಣದ ಮರದ ಎರಡು ಊರುಗಳಿವೆ, ಕೊಂಡಪಲ್ಲಿ ಮತ್ತು ಏಟಿಕೊಪ್ಪಾಕ. ಏಟಿಕೊಪ್ಪಾಕದಲ್ಲಿ ಅಂಕುಡು ಎನ್ನುವುದು ನಮ್ಮ ಹಾಲೆ ಮರವನ್ನೇ. ಅಲ್ಲಿಯೂ ಅದೇ ಅರಗು, ಅದೇ ಕಡೆತ. ಶಪಿರೋ ಅವನ್ನು ನೋಡಿ ಕಲಿತರೆಂದು ನಾವು ಹೇಳುತ್ತಿಲ್ಲ, ಹಾಗೆ ಹೇಳಿದರೆ ಅದು ಗೊಡ್ಡು ಅಭಿಮಾನವಾದೀತು. ಅವರ ಕಲೆ ಅವರ ದುಡಿಮೆ. ನಾವು ಕೇಳುತ್ತಿರುವುದು ಇಷ್ಟೇ: ಗೋಳ, ಕಂಬ, ಬಳೆ, ಕೋನಗಳಿಗೆ ಹಸಿ ಬಣ್ಣ ಹಚ್ಚಿದ ಮರ ಡಲ್ಲಾಸಿನಲ್ಲಿ ಶಿಲ್ಪವಾಗುವಾಗ, ಮಹಾತ್ಮ ಗಾಂಧಿ ರಸ್ತೆಯ ಅಂಗಡಿಯಲ್ಲಿ ಏಕೆ ಆಟಿಕೆಯಾಗುತ್ತದೆ?

ಸುಲಭದ ಉತ್ತರವೊಂದಿದೆ. ಕಲಾವಿದ ಹೊಸದನ್ನು ಹುಡುಕುತ್ತಾನೆ, ಕುಶಲಕರ್ಮಿ ಇದ್ದದ್ದನ್ನೇ ಸಾವಿರ ಸಲ ಮಾಡುತ್ತಾನೆ, ಆದ್ದರಿಂದ ಎರಡೂ ಒಂದಲ್ಲ ಎನ್ನುತ್ತಾರೆ. ಇದರಲ್ಲಿ ಸತ್ಯವಿಲ್ಲದಿಲ್ಲ. ದಿನಕ್ಕೆ ಇಷ್ಟು ಡಜನ್ ಬುಗುರಿ ಕಡೆಯಬೇಕಾದ ಖರಾದಿಗೆ ಪ್ರಯೋಗ ಮಾಡುವ ಪುರಸೊತ್ತಿಲ್ಲ, ತುಂಡಿಗಿಷ್ಟು ಎಂಬ ಕೂಲಿ ಅದಕ್ಕೆ ಬಿಡುವುದೂ ಇಲ್ಲ. ಆದರೆ ಆ ಬುಗುರಿಯ ಸೊಂಟ ಎಷ್ಟು ಸಣ್ಣದಿರಬೇಕು, ಹಳದಿಯ ಪಕ್ಕ ಹಸಿರಿನ ಗೆರೆ ಎಷ್ಟು ತೆಳುವಿರಬೇಕು ಎಂದು ಮೊದಲು ತೀರ್ಮಾನಿಸಿದವನು ಒಬ್ಬನಿದ್ದನಲ್ಲ? ಅವನು ಹುಡುಕಿದ್ದನ್ನೇ ಉಳಿದವರು ಮಾಡುತ್ತಿದ್ದಾರೆ. ಅವನಿಗೆ ಚರಿತ್ರೆ ಇಲ್ಲ, ಅಷ್ಟೆ.

ಚರಿತ್ರೆ ಯಾರಿಗೆ ಸಿಗುತ್ತದೆ ಎಂಬುದಕ್ಕೆ ದಂಡುಪ್ರದೇಶದಲ್ಲೇ ಉದಾಹರಣೆಗಳಿವೆ. 1824ರಲ್ಲಿ ಪರ್ಷಿಯಾದ ಶಿರಾಜ್‌ನಿಂದ ಕುದುರೆಗಳನ್ನು ಹೊಡೆದುಕೊಂಡು ಆಗಾ ಅಲಿ ಅಸ್ಕರ್ ಎಂಬ ಹುಡುಗ ಬೆಂಗಳೂರಿಗೆ ಬಂದ. ದಂಡಿಗೆ ಕುದುರೆ ಮಾರಿ, ಬಂಗಲೆಗಳನ್ನು ಕಟ್ಟಿಸಿ ಶ್ರೀಮಂತನಾದ. ಕನ್ನಿಂಗ್‌ಹ್ಯಾಮ್ ರಸ್ತೆಯ ಹತ್ತಿರ ಅಲಿ ಅಸ್ಕರ್ ರಸ್ತೆ ಇಂದಿಗೂ ಇದೆ. ಅವನ ಮೊಮ್ಮಗ ಮಿರ್ಜಾ ಇಸ್ಮಾಯಿಲ್ 1926ರಿಂದ 1941ರವರೆಗೆ ಮೈಸೂರಿನ ದಿವಾನರು. ಪರ್ಷಿಯಾದಿಂದ ಕುದುರೆಯೊಂದಿಗೆ ಬಂದವನಿಗೆ ರಸ್ತೆಯ ಹೆಸರು ಉಳಿಯಿತು. ಉಳಿ, ಅರಗು ಹಿಡಿದು ಬಂದರೆನ್ನುವವರಿಗೆ ಪ್ರತೀತಿ ಮಾತ್ರ ಉಳಿಯಿತು. ಮಿರ್ಜಾ ಸಾಹೇಬರನ್ನು ನಾವು ಹಳಿಯುತ್ತಿಲ್ಲ. ಸಂಸ್ಥಾನದ ಉದ್ಯಮ, ಕೈಕಸುಬುಗಳಿಗೆ ಅವರಷ್ಟು ಆಸ್ಥೆ ತೋರಿದವರು ಕಡಿಮೆ.

ಅವರ ದಿವಾನಗಿರಿಯ ಕೊನೆಯಲ್ಲಿ, 1940ರ ಡಿಸೆಂಬರಿನಲ್ಲಿ, ಹಲಸೂರಿನ ಆಚೆ ಪೂರ್ವಕ್ಕೆ ವಿಮಾನ ಕಾರ್ಖಾನೆ ಬಂತು. ಅದೇ ಹಿಂದೂಸ್ತಾನ್ ಏರೋನಾಟಿಕ್ಸ್. ಇಂದಿರಾನಗರದಿಂದ ಕೆ.ಆರ್. ಪುರದವರೆಗಿನ ಪೂರ್ವ ಬೆಂಗಳೂರಿನ ಚಹರೆಯನ್ನು ಬದಲಿಸಿದ್ದರಲ್ಲಿ ಅದರ ಪಾಲು ದೊಡ್ಡದು. ಆ ಕಾರ್ಖಾನೆಯ ನೌಕರರಲ್ಲೊಬ್ಬರು ಯೂಸುಫ್ ಅರಕ್ಕಲ್. 1945ರಲ್ಲಿ ಕೇರಳದ ಚಾವಕ್ಕಾಡಿನಲ್ಲಿ ಹುಟ್ಟಿ, ತಂದೆತಾಯಿಯನ್ನು ಕಳೆದುಕೊಂಡು, ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಬೆಂಗಳೂರಿಗೆ ಬಂದವರು. ಕಾರ್ಖಾನೆಯಲ್ಲಿ ದುಡಿಯುತ್ತ ಚಿತ್ರಕಲಾ ಪರಿಷತ್ತಿನಲ್ಲಿ ಕಲಿತು 1973ರಲ್ಲಿ ಡಿಪ್ಲೊಮಾ ಪಡೆದರು. ಆಮೇಲೆ ಕೆಲಸ ಬಿಟ್ಟು ಪೂರ್ಣಾವಧಿ ಕಲಾವಿದರಾದರು. ಚಿತ್ರ, ಮುದ್ರಣ, ಶಿಲ್ಪ ಎಲ್ಲದರಲ್ಲಿಯೂ ಕೈಯಾಡಿಸಿದರು. 1983ರಲ್ಲಿ ರಾಷ್ಟ್ರಪ್ರಶಸ್ತಿ, 2005ರಲ್ಲಿ ಫ್ಲಾರೆನ್ಸ್ ಬಿಯೆನಾಲೆಯ ಚಿನ್ನದ ಪದಕ. 2016ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲೇ ನಿಧನರಾದರು. ನಗರದಲ್ಲಿ ಒಂಟಿಯಾದ, ನೆಲೆ ತಪ್ಪಿದ ಮನುಷ್ಯರು ಅವರ ಚಿತ್ರಗಳ ತುಂಬ ಇದ್ದಾರೆ.

ಅರಕ್ಕಲ್ ಅವರನ್ನು ಇಲ್ಲಿ ನೆನೆಯುವುದು, ಗೋಡೆ ದಾಟಲು ಏನು ಬೇಕಾಗುತ್ತದೆ ಎಂದು ಅವರ ಬದುಕು ತೋರಿಸುವುದರಿಂದ. ಪ್ರತಿಭೆ ಬೇಕು, ಅದು ಸರಿ. ಅದರೊಂದಿಗೆ ಒಂದು ಸಂಬಳ, ಒಂದು ಕಲಾಶಾ‌ಲೆ, ಒಂದು ನಗರ, ಕೆಳಗೆ ಸಹಿ ಹಾಕುವ ಅಭ್ಯಾಸ. ಚನ್ನಪಟ್ಟಣದ ಹುಡುಗನಿಗೆ ಇವು ನಾಲ್ಕೂ ದೂರ. ಅಲ್ಲಿ ಕಸುಬು ಕಲಿಸುವವರು ಅಪ್ಪ ಅಥವಾ ಉಸ್ತಾದ್, ಸಹಿ ಹಾಕುವ ರೂಢಿಯಿಲ್ಲ.

ಇದು ಮುಸಲ್ಮಾನರೊಬ್ಬರ ಗೋಳೂ ಅಲ್ಲ. ಕೊಪ್ಪಳದ ಬಳಿ ಕಿನ್ನಾಳದ ಚಿತ್ರಗಾರರು ಶತಮಾನಗಳಿಂದ ಬಣ್ಣದ ಮರದ ಮೂರ್ತಿಗಳನ್ನು ಮಾಡುತ್ತಿದ್ದಾರೆ. ಕಲಘಟಗಿಯ ಬಣ್ಣದ ತೊಟ್ಟಿಲಿನಲ್ಲಿ ಮಲಗಿ ಬೆಳೆದ ಮಕ್ಕಳಿಗೆ ಲೆಕ್ಕವಿಲ್ಲ. ತೊಟ್ಟಿಲು ಮಾಡಿದ ಕೈಗಳಿಗೂ ಹೆಸರಿಲ್ಲ. ಕಬ್ಬನ್ ಪಾರ್ಕಿನ ಸರ್ಕಾರಿ ಮ್ಯೂಸಿಯಂ ಮಗ್ಗುಲಲ್ಲೇ ಗ್ಯಾಲರಿಯೊಂದಕ್ಕೆ ಕೆ. ವೆಂಕಟಪ್ಪ ಅವರ ಹೆಸರಿದೆ. ಅವರೂ ಚಿತ್ರಗಾರ ಮನೆತನದವರು. ಆ ಮನೆತನದಿಂದ ಒಬ್ಬರು ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದ ಮೇಲೆ 'ಕಲಾವಿದ'ರಾದರು, ಊರಲ್ಲಿ ಉಳಿದವರು 'ಬೊಂಬೆ ಮಾಡುವವ'ರಾಗಿಯೇ ಉಳಿದರು.

ಸರ್ಕಾರ ಏನೂ ಮಾಡಿಲ್ಲವೆಂದರೆ ತಪ್ಪಾಗುತ್ತದೆ. 1964ರಲ್ಲಿ ಆರಂಭವಾದ ಕರಕುಶಲ ಅಭಿವೃದ್ಧಿ ನಿಗಮ ತನ್ನ ಕಾವೇರಿ ಮಳಿಗೆಗಳಲ್ಲಿ ಈ ಸರಕನ್ನು ಮಾರುತ್ತ ಬಂದಿದೆ. 2005-06ರಲ್ಲಿ ಚನ್ನಪಟ್ಟಣದ ಆಟಿಕೆಗಳಿಗೂ ಮೈಸೂರಿನ ಇನ್‌ಲೇ ಕೆಲಸಕ್ಕೂ ಭೌಗೋಳಿಕ ಸೂಚಿಕೆ ದೊರೆಯಿತು. ಅಗ್ಗದ ಚೀನೀ ಪ್ಲಾಸ್ಟಿಕ್ ಆಟಿಕೆಗಳ ಹೊಡೆತಕ್ಕೆ ಸಿಕ್ಕಿದ್ದ ಕಸುಬಿಗೆ ಅದು ಆಸರೆಯಾಯಿತು. ಆದರೆ ಈ ಸೂಚಿಕೆ ಕಾಯುವುದು ಊರಿನ ಹೆಸರನ್ನು, ಮಾಡಿದವರ ಹೆಸರನ್ನಲ್ಲ. ಊರಿನ ಅದೃಷ್ಟವೂ ಸ್ಥಿರವಲ್ಲ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾಯಿತು. ಅದು ಚನ್ನಪಟ್ಟಣದ ಹೊರಗಿನಿಂದ ಹಾಯುತ್ತದೆ. ಹಳೆಯ ರಸ್ತೆಯ ಇಕ್ಕೆಲದ ಬೊಂಬೆ ಅಂಗಡಿಗಳ ಮುಂದೆ ನಿಲ್ಲುತ್ತಿದ್ದ ಕಾರುಗಳು ಈಗ ಮೇಲಿನಿಂದ ಹಾರಿ ಹೋಗುತ್ತವೆ, ವ್ಯಾಪಾರ ಇಳಿಯಿತೆಂದು ಅಂಗಡಿಯವರು ಅಳಲು ತೋಡಿಕೊಂಡರು. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟ ಮೇಲೆ ಚನ್ನಪಟ್ಟಣ ಕಾಗದದ ಮೇಲೆ ಬೆಂಗಳೂರಿನ ಹತ್ತಿರ ಬಂದಿದೆ.

ಇತ್ತ ಬೆಂಗಳೂರಿನಲ್ಲಿ ಮ್ಯೂಸಿಯಂಗಳು ಹೆಚ್ಚುತ್ತಿವೆ. 2009ರಲ್ಲಿ ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿ ಆಧುನಿಕ ಕಲೆಯ ರಾಷ್ಟ್ರೀಯ ಗ್ಯಾಲರಿ ತೆರೆಯಿತು, 2023ರಲ್ಲಿ ಕಸ್ತೂರಬಾ ರಸ್ತೆಯಲ್ಲಿ ಕಲೆ ಮತ್ತು ಛಾಯಾಚಿತ್ರಗಳ ಹೊಸ ಮ್ಯೂಸಿಯಂ ಬಂತು. ಎರಡೂ ದಂಡುಪ್ರದೇಶದ ಮಗ್ಗುಲಲ್ಲೇ ಇವೆ. ನಮ್ಮದೊಂದು ಕೋರಿಕೆ. ಇಂಥ ಒಂದು ಬಿಳಿಗೋಡೆಯ ಕೋಣೆಯಲ್ಲಿ ಚನ್ನಪಟ್ಟಣದ ಕಡೆದ ಮರವನ್ನು, ಮೂಗು ಕಣ್ಣು ಬರೆಯುವ ಮುಂಚಿನ ಸ್ಥಿತಿಯಲ್ಲಿ, ಒಂದು ತಿಂಗಳು ಇಟ್ಟು ನೋಡಲಿ. ಬರೀ ಗೋಳಗಳು, ಬಳೆಗಳು, ಶಂಕುಗಳು, ಅರಗಿನ ಕೆಂಪು ಹಳದಿ ನೀಲಿಗಳು. ಬೊಂಬೆ ಎಂಬ ಪದವನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬಂದ ಕಣ್ಣಿಗೆ ಏನು ಕಾಣುತ್ತದೋ ಕಾಣಲಿ. ಪ್ರತಿಯೊಂದರ ಕೆಳಗೂ ಕಡೆದವರ, ಅರಗು ಹಿಡಿದವರ ಪೂರ್ತಿ ಹೆಸರಿರಲಿ. ಅವರು ಬಂದು ಬಿಳಿಗೋಡೆಯ ಮೇಲೆ ತಮ್ಮ ಹೆಸರನ್ನು ಓದಿಕೊಳ್ಳಲಿ. ಕೂಲಿಯನ್ನು ಇದು ಒಂದೇ ದಿನದಲ್ಲಿ ಏರಿಸಲಾರದು ನಿಜ. ಆದರೆ ಹೆಸರಿದ್ದವನೊಂದಿಗೆ ಬೆಲೆ ಮಾತಾಡುವ ರೀತಿ ಬೇರೆ ಎಂದು ವ್ಯಾಪಾರ ಬಲ್ಲ ಶಿವಾಜಿನಗರದವರಿಗೆ ಹೇಳಿಕೊಡಬೇಕಿಲ್ಲ.

ಇದನ್ನು ಬರೆಯಲು ಕೂರುವ ಮೊದಲು ನಾವು ಬುಗುರಿಯೊಂದನ್ನು ಕೊಂಡು ತಂದೆವು. ಹಳದಿ ಮೈ, ನಡುವಿಗೆ ಹಸಿರು ಗೆರೆ, ತುದಿಗೆ ಕೆಂಪು. ತಿರುಗಿಸಿದಾಗ ಮೂರೂ ಬಣ್ಣ ಕಲೆತು ಒಂದು ಕ್ಷಣ ಬೇರೊಂದು ಬಣ್ಣವಾಗುತ್ತದೆ, ನಿಲ್ಲುವಾಗ ಮತ್ತೆ ಮೂರಾಗುತ್ತದೆ. ಅದರ ಡಬ್ಬಿಯ ಮೇಲೆ ಊರಿನ ಹೆಸರಿದೆ, ಬೆಲೆಯಿದೆ, ಮೂರು ವರ್ಷ ಮೇಲ್ಪಟ್ಟ ಮಕ್ಕಳಿಗೆ ಎಂದಿದೆ.